ಮೇಲ್ಮಗ್ಗುಲು

ಡಿಲನ್, ಮೊಂಟಾನಾ
ಜನವರಿ 9, 1996

ಲೋವೆಲ್,

ವರ್ಷದ ಮೊದಲ ಪತ್ರ ಯಾರು ಬರೆಯುತ್ತಾರೋ ಅವರೇ ಮೀನು ಹಿಡಿಯುವ ವಾರಕ್ಕೆ ಮನೆ ಗೊತ್ತುಮಾಡಬೇಕು ಅಂತ ನಮ್ಮ ನಿಯಮ. ನೀನು ಈ ನಿಯಮ ಮಾಡಿದ ದಿನದಿಂದ ಒಮ್ಮೆಯೂ ಮೊದಲು ಬರೆದವನಲ್ಲ. ಹೋಗಲಿ, ಟೋಲೆಫ್ಸನ್ ಮುದುಕಿಗೆ ಹೇಳಿಬಿಟ್ಟಿದ್ದೇನೆ. ಜೂನ್ ಕೊನೆಯ ವಾರ, ಹೊಳೆಯಂಚಿನ ಅದೇ ಮರದ ಮನೆ, ಅದೇ ಎರಡು ಮಂಚ, ಅದೇ ಇಲಿ. "ನೀವಿಬ್ರೂ ಇನ್ನೂ ಇದ್ದೀರಾ?" ಅಂತ ಕೇಳಿದಳು. "ನಾನು ಪೂರ್ತಿ ಇದ್ದೀನಿ, ಸ್ಪೋಕೇನ್‌ನಲ್ಲಿ ಇರೋನು ಮಾತ್ರ ಮೊದಲಿಂದಲೂ ಅರ್ಧಾನೇ" ಅಂದೆ.

ಹೊರಗೆ ಬಾಗಿಲಿನ ಅರ್ಧದವರೆಗೆ ಹಿಮ. ಅಂಗಡಿ ಮುಚ್ಚಿದ ಮೇಲೆ ಚಳಿಗಾಲ ಉದ್ದವಾಗಿದೆ ಮಾರಾಯ. ಮೊದಲಾದರೆ ಯಾರೋ ಒಬ್ಬ ಹಸುವಿನ ಮೇವಿಗೆ ಬಂದು ಒಂದು ಗಂಟೆ ಹರಟುತ್ತಿದ್ದ. ಈಗ ಅಡುಗೆಮನೆಯ ಮೇಜಿನ ಮೇಲೆ ಗರಿ, ದಾರ, ಕೊಕ್ಕೆ ಹರಡಿಕೊಂಡು ನಮ್ಮಿಬ್ಬರ ಗಾಳಕ್ಕೂ ಹುಸಿಹುಳು ಕಟ್ಟುತ್ತಾ ಕೂತಿರುತ್ತೇನೆ. ಸೂಪಿನಲ್ಲಿ ಕೋಳಿಗರಿ ಸಿಕ್ಕಿತು ಅಂತ ನಡೀನ್ ಗೊಣಗುತ್ತಾಳೆ. ಟ್ರೌಟ್ ಮೀನಿಗೆ ಇವು ನಿಜವಾದ ಹುಳುವಿನಂತೆ ಕಂಡರೆ ಸಾಕು, ನಡೀನ್‌ಗೆ ಹೇಗೆ ಕಂಡರೇನು.

ಈ ಸಲ ಬೆಟ್ಟದಲ್ಲಿ ಹಿಮ ಜಾಸ್ತಿ. ಜೂನ್‌ನಲ್ಲೂ ನೀರು ಜೋರಾಗಿಯೇ ಇರುತ್ತದೆ. ನಿನಗೇನು ಚಿಂತೆ? ದಾಟುವಾಗ ಭಾರದವನು ನೀರು ಬರುವ ಕಡೆ, ಹಗುರದವನು ಅವನ ಮರೆಯಲ್ಲಿ. ಕೊರಿಯಾ ಯುದ್ಧದಿಂದ ವಾಪಸು ಬಂದ ವರ್ಷದಿಂದ ನಾನು ಮೇಲ್ಮಗ್ಗುಲು, ನೀನು ಕೆಳಮಗ್ಗುಲು. ಇಷ್ಟು ವರ್ಷ ನನ್ನ ಹೊಟ್ಟೆಯನ್ನು ಗೇಲಿಮಾಡಿಕೊಂಡೇ ಅದರ ಮರೆಯಲ್ಲಿ ಬೆಚ್ಚಗೆ ಹೊಳೆ ದಾಟಿದವನು ನೀನು. ಕಳೆದ ವರ್ಷ ನೀನು ನನ್ನ ತೋಳು ಹಿಡಿದ ಗುರುತು ಒಂದು ವಾರ ಹೋಗಲಿಲ್ಲ.

ಫೋನು ಮಾಡಬೇಡ, ಅದರಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ. ಕಾಗದ ಬರೆ.

ನಿನ್ನ ಅಣೆಕಟ್ಟು,
ಎಮೆಟ್


ಡಿಲನ್
ಮಾರ್ಚ್ 4

ಪ್ರಿಯ ಲೋವೆಲ್,

ನನ್ನ ಅಕ್ಷರ ನೋಡಿ ನಿಮಗೆ ಆಶ್ಚರ್ಯವಾಗಿರಬೇಕು. ಎಮೆಟ್‌ನ ಪತ್ರದ ಕೊನೆಯಲ್ಲಿ ಒಂದು ಸಾಲು ಸೇರಿಸುವುದು ಬಿಟ್ಟರೆ ನಾನು ನಿಮಗೆ ಎಂದೂ ಬರೆದವಳಲ್ಲ. ಊರಿನ ಗ್ರಂಥಾಲಯದಲ್ಲಿ ಕೂತು ಬರೆಯುತ್ತಿದ್ದೇನೆ, ಯಾಕೆಂದರೆ ಅವನು ಮನೆಯಲ್ಲಿದ್ದಾನೆ.

ಎಮೆಟ್‌ಗೆ ಕ್ಯಾನ್ಸರ್. ಹೊಟ್ಟೆಯ ಹಿಂಭಾಗದಲ್ಲಿದೆ, ಕೊಯ್ದು ತೆಗೆಯುವ ಜಾಗದಲ್ಲಿಲ್ಲ ಅಂದರು. ಕ್ರಿಸ್‌ಮಸ್‌ಗೆ ಮೊದಲೇ ಗೊತ್ತಾಗಿತ್ತು. ನಿಮಗೆ ಬರೆದ ಪತ್ರವನ್ನು ಅವನು ನನಗೆ ಓದಿ ಹೇಳಿ ನಕ್ಕ, ನಾನು ಸಿಂಕಿನ ಮುಂದೆ ನಿಂತು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಈಗ ಸೊಂಟದ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದುಕೊಂಡಿದ್ದಾನೆ. ಜನ ನೋಡಬಾರದು ಅಂತ ಒಂದರ ಮೇಲೊಂದು ಎರಡು ಅಂಗಿ ಹಾಕಿಕೊಂಡು ಚರ್ಚಿಗೆ ಬರುತ್ತಾನೆ.

ನಿಮಗೆ ಹೇಳಕೂಡದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. "ಲೋವೆಲ್‌ಗೆ ಗೊತ್ತಾದ್ರೆ ಅವನು ಮೀನು ಹಿಡಿಯೋಕೆ ಬರಲ್ಲ ಕಣೇ, ರೋಗಿ ನೋಡೋಕೆ ಬರ್ತಾನೆ" ಅಂದ. ಕೊಟ್ಟ ಮಾತನ್ನು ಈಗ ಮುರಿಯುತ್ತಿದ್ದೇನೆ.

ಆ ಹೊಳೆಗೆ ಅವನು ಇಳಿಯಬಾರದು. ನಾನು ಬೇಡ ಅಂದರೆ ಬೆಳಗಾಗುವ ಮೊದಲೇ ಟ್ರಕ್ಕು ಹತ್ತಿ ಹೋಗುತ್ತಾನೆ, ಅವನು ನಿಮಗೂ ಗೊತ್ತು. ನೀವೇ ಬರಲಾಗುವುದಿಲ್ಲ ಅಂತ ಬರೆಯಿರಿ. ಏನಾದರೊಂದು ನೆಪ ಹೇಳಿ. ಅವನು ಬೇಜಾರು ಮಾಡಿಕೊಂಡರೆ ನಾನು ನೋಡಿಕೊಳ್ಳುತ್ತೇನೆ. ಈ ಕಾಗದವನ್ನು ಸುಟ್ಟುಬಿಡಿ.

ನಡೀನ್


ಸ್ಪೋಕೇನ್, ವಾಷಿಂಗ್ಟನ್
ಮಾರ್ಚ್ 14

ಎಮೆಟ್,

ಉತ್ತರ ತಡವಾಯಿತು. ಒಂದು ಕೆಟ್ಟ ಸುದ್ದಿ ಇದೆ, ಬೈಯಬೇಡ. ನನ್ನ ಎಡ ಮೊಣಕಾಲು ಕೈಕೊಟ್ಟಿದೆ. ಮೆಟ್ಟಿಲು ಇಳಿಯುವಾಗ ಉಳುಕಿದ್ದು ಇನ್ನೂ ಬಾತುಕೊಂಡೇ ಇದೆ. ಈ ವರ್ಷ ಹೊಳೆಗೆ ಇಳಿಯಲೇಬೇಡಿ ಅಂತ ಡಾಕ್ಟರರು ಗದರಿದ್ದಾರೆ. ಟೋಲೆಫ್ಸನ್‌ಗೆ ಬೇಡ ಅಂದುಬಿಡು.

ಅದರ ಬದಲು ನಾನೇ ಡಿಲನ್‌ಗೆ ಬರುತ್ತೇನೆ. ಜಗುಲಿಯಲ್ಲಿ ಕೂತು ಇಸ್ಪೀಟು ಆಡೋಣ. ನಡೀನ್ ಮಾಡುವ ರೂಬಾರ್ಬ್ ಕಡುಬಿಗೆ ಅದೇ ಕಾಲ. ನೀನು ಕಟ್ಟಿದ ಹುಳುಗಳು ಮುಂದಿನ ವರ್ಷಕ್ಕೂ ಕೆಡುವುದಿಲ್ಲ. ಒಂದು ವರ್ಷ ಹೋಗದಿದ್ದರೆ ಹೊಳೆಯೇನೂ ಬತ್ತಿಹೋಗುವುದಿಲ್ಲ.

ನೀನು ಹುಷಾರಾಗಿದ್ದೀ ತಾನೆ? ಚಳಿ ಈ ಸಲ ಎಲ್ಲ ಕಡೆ ಜೋರು ಅಂತ ಕೇಳಿದೆ.

ನಿನ್ನ
ಲೋವೆಲ್


ಡಿಲನ್
ಏಪ್ರಿಲ್ 2

ಲೋವೆಲ್,

ಇಷ್ಟು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವನಿಗೆ ಒಂದು ಸರಿಯಾದ ನೆಪ ಹುಡುಕಲು ಬರಲಿಲ್ಲವೇ? ಮೊಣಕಾಲಂತೆ. ಬೆನ್ನು ಮುರಿದ ವರ್ಷ ಸೊಂಟಕ್ಕೆ ಹಲಗೆ ಕಟ್ಟಿಕೊಂಡು ಬಂದಿದ್ದೆ ನೀನು. ನಿಮ್ಮ ತಾಯಿ ತೀರಿಕೊಂಡ ವರ್ಷವೂ ಬಂದೆ. ದಡದಲ್ಲಿ ಕೂತು ಅತ್ತೆ, ನಾನು ಏನೂ ನೋಡದವನ ಹಾಗೆ ಗಾಳದ ದಾರದ ಗಂಟು ಬಿಡಿಸುತ್ತಾ ಕೂತಿದ್ದೆ.

ಡಾಕ್ಟರರ ಮಾತು ಕೇಳುವ ವಯಸ್ಸಲ್ಲ ನಮ್ಮದು. ಕಾಲು ನೋಯುತ್ತಿದ್ದರೆ ಇನ್ನೂ ಒಳ್ಳೆಯದು, ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತೀಯ. ಮೇಲ್ಮಗ್ಗುಲು ನಾನಿರುತ್ತೇನಲ್ಲ.

ಇಸ್ಪೀಟು ಆಡಲು ನಾನಿನ್ನೂ ಅಷ್ಟು ಮುದುಕನಾಗಿಲ್ಲ. ಜಗುಲಿಯಲ್ಲಿ ಕೂರುವವರನ್ನು ನೋಡಿದ್ದೇನೆ, ಅವರು ಎದ್ದು ಬರುವುದೇ ಇಲ್ಲ. ನೀನು ಬರದಿದ್ದರೆ ಬೇಸರವಿಲ್ಲ. ಒಬ್ಬನೇ ಹೋಗುತ್ತೇನೆ, ಒಬ್ಬನೇ ದಾಟುತ್ತೇನೆ. ಇದು ಬೆದರಿಕೆ ಅಂತ ತಿಳಿದುಕೊಳ್ಳಬೇಡ, ನಿನಗೆ ಗೊತ್ತಿರಲಿ ಅಂತ ಬರೆದೆ.

ಬೇಕನ್ ಮಾಂಸ ನಾನು ತರುತ್ತೇನೆ. ಕಾಫಿಪುಡಿ ನೀನು ತಾ, ಕಳೆದ ಸಲದ ಹಾಗೆ ಮರೆಯಬೇಡ.

ನಿನ್ನ ಅಣೆಕಟ್ಟು,
ಎಮೆಟ್


ಸ್ಪೋಕೇನ್
ಏಪ್ರಿಲ್ 20

ಪ್ರಿಯ ನಡೀನ್,

ನನ್ನಿಂದ ಆಗಲಿಲ್ಲ. ನೆಪ ಹೇಳಿದೆ, ಅವನು ಗೇಲಿಮಾಡಿ ಒರೆಸಿಹಾಕಿದ. ಒಬ್ಬನೇ ಹೋಗುತ್ತೇನೆ ಅಂತ ಬರೆದಿದ್ದಾನೆ, ಹೋಗುವವನೇ. ಎರಡನೇ ನೆಪಕ್ಕೆ ಕೂತು ನಾಲ್ಕಾರು ಕಾಗದ ಹರಿದೆ. ಗೊತ್ತಾಗಿದೆ ಕಣೋ ಅಂತ ಬರೆದುಬಿಡೋಣ ಅನ್ನಿಸಿತು. ಹಾಗೆ ಬರೆದರೆ ಅವನ ಹತ್ತಿರ ನಿಮ್ಮ ಮಾತು ಹೋಯಿತು, ನನ್ನ ಹತ್ತಿರ ಅವನ ನಗು ಹೋಯಿತು.

ಆದ್ದರಿಂದ ಹೋಗುತ್ತಿದ್ದೇನೆ. ಅವನು ಒಂಟಿಯಾಗಿ ಹೊಳೆಯಲ್ಲಿರುವುದಕ್ಕಿಂತ ನಾನು ಪಕ್ಕದಲ್ಲಿರುವುದು ಮೇಲು. ಆಚೆ ದಡಕ್ಕೆ ದಾಟಲು ಬಿಡುವುದಿಲ್ಲ. ಇದೊಂದು ಮಾತು ಕೊಡುತ್ತೇನೆ. ಈಚೆ ದಡದಲ್ಲೇ ಕುರ್ಚಿ ಹಾಕಿ ಕೂರಿಸುತ್ತೇನೆ, ನನ್ನ ಕಾಲುನೋವಿನ ನೆಪ ಅಲ್ಲಿಯಾದರೂ ಉಪಯೋಗಕ್ಕೆ ಬರಲಿ.

ನಿಮ್ಮ ಕಾಗದ ಸುಟ್ಟೆ. ಸುಟ್ಟರೂ ಬಾಯಿಪಾಠವಾಗಿದೆ.

ಲೋವೆಲ್


ಡಿಲನ್
ಜುಲೈ 3

ಲೋವೆಲ್,

ಅವನನ್ನು ಮನೆಗೆ ಕರೆತಂದ ದಿನ ಬಾಗಿಲಲ್ಲೇ ನಿಂತು "ಜಾರಿದ, ಅಷ್ಟೇ" ಅಂದಿರಿ. ಕಾಫಿಯನ್ನೂ ಕುಡಿಯದೆ ಹೋದಿರಿ. ಅವನ ಹಣೆಯಲ್ಲಿ ಹೊಲಿಗೆ, ಮೈಯೆಲ್ಲ ನಡುಕ. ಆವತ್ತು ನಾನು ನಿಮ್ಮನ್ನು ತಡೆಯಲಿಲ್ಲ, ಅವನನ್ನು ಮಲಗಿಸುವುದೇ ದೊಡ್ಡ ಕೆಲಸವಾಗಿತ್ತು.

ಆಮೇಲೆ ಅವನು ಹಾಸಿಗೆ ಬಿಟ್ಟು ಎದ್ದಿಲ್ಲ. ಕೇಳಿದರೆ "ಒಳ್ಳೇ ಮೀನು ಸಿಕ್ತು" ಅನ್ನುತ್ತಾನೆ, ಮುಖ ಗೋಡೆ ಕಡೆ ತಿರುಗಿಸುತ್ತಾನೆ.

ನಿನ್ನೆ ಟ್ರಕ್ಕು ಗುಡಿಸಲು ಹೋದೆ. ಅವನ ಮೀನಿನ ಕೋಟು, ಮೈತುಂಬ ಜೇಬುಗಳಿದ್ದದ್ದು, ಹಿಂದುಗಡೆ ಒದ್ದೆಯಾಗಿ ಮುದ್ದೆಯಾಗಿ ಬಿದ್ದಿತ್ತು. ಒಣಹಾಕೋಣ ಅಂತ ಎತ್ತಿದರೆ ಏಳಲಿಲ್ಲ. ಎರಡು ಕೈ ಹಾಕಿ ಎತ್ತಬೇಕಾಯಿತು. ಜೇಬುಗಳ ಬಾಯಿ ಹೊಲಿದಿತ್ತು. ಹುಳು ಕಟ್ಟುವ ಅದೇ ದಾರ, ಅವನದೇ ಹೊಲಿಗೆ. ಕತ್ತರಿಯಿಂದ ಬಿಚ್ಚಿದೆ.

ಅಂಗಡಿಯ ತಕ್ಕಡಿ ನೆನಪಿದೆಯಾ? ಬಿತ್ತನೆಬೀಜ, ಮೊಳೆ ತೂಗುತ್ತಿದ್ದದ್ದು. ತಕ್ಕಡಿ ಮಾರಿದರೂ ಅದರ ಕಬ್ಬಿಣದ ತೂಕದ ಬಟ್ಟುಗಳನ್ನು ಅವನು ಕೊಟ್ಟಿರಲಿಲ್ಲ, ನನ್ನ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದ. ಜೂನ್‌ನಲ್ಲಿ ಅವು ಕಾಣದಾದಾಗ ಗ್ಯಾರೇಜಿಗೆ ಹಾಕಿರಬೇಕು ಅಂದುಕೊಂಡಿದ್ದೆ. ಅವು ಆ ಜೇಬುಗಳಲ್ಲಿದ್ದವು ಲೋವೆಲ್. ಒಂದೊಂದನ್ನೂ ಅವನ ಹಳೆಯ ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ, ಗಂಟು ಹಾಕಿ, ಒಳಗಿಟ್ಟು ಹೊಲಿದಿದ್ದಾನೆ. ನಾನು ಮನೆಯಲ್ಲಿದ್ದಾಗಲೇ, ನಾನು ಪಕ್ಕದ ಕೋಣೆಯಲ್ಲಿದ್ದಾಗಲೇ ಕೂತು ಮಾಡಿರಬೇಕು.

ಮೈಮೇಲೆ ಕಬ್ಬಿಣ ಹೊಲಿದುಕೊಂಡು ನೀರಿಗೆ ಇಳಿಯುವುದು ಯಾಕೆ ಅಂತ ನನಗೆ ಒಂದೇ ಕಾರಣ ಹೊಳೆಯುತ್ತದೆ. ಅವನು ಅದಕ್ಕೇ ಹೋಗಿದ್ದನಾ? ನನಗೆ ಹೇಳದೆ, ಒಂದು ಮಾತೂ ಆಡದೆ? ಬೆಳಗ್ಗೆ ಹೊರಡುವಾಗ ಮೊಟ್ಟೆ ಚೆನ್ನಾಗಿದೆ ಅಂದಿದ್ದ. ಅವನ ಮಂಚದ ಪಕ್ಕ ಕೂತಿರುತ್ತೇನೆ, ಕೇಳಲು ಬಾಯಿ ಬರುವುದಿಲ್ಲ. ಹೌದು ಅಂದುಬಿಟ್ಟರೆ ನಾನೇನು ಮಾಡಲಿ?

ದಾಟಲು ಬಿಡುವುದಿಲ್ಲ ಅಂತ ಮಾತು ಕೊಟ್ಟಿದ್ದಿರಿ. ಏನಾಯಿತು ಅಂತ ಬರೆಯಿರಿ. ಎಲ್ಲವನ್ನೂ ಬರೆಯಿರಿ, ನನಗೆ ನೋವಾಗುತ್ತದೆ ಅಂತ ಏನನ್ನೂ ಬಿಡಬೇಡಿ.

ನಡೀನ್


ಸ್ಪೋಕೇನ್
ಜುಲೈ 11

ಪ್ರಿಯ ನಡೀನ್,

ನಿಮ್ಮ ಪತ್ರ ಓದಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ತೂಕದ ಬಟ್ಟುಗಳ ವಿಷಯ ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಅವನು ಟ್ರಕ್ಕಿನಿಂದ ಇಳಿದಾಗ ನಾನು ಅವನನ್ನೇ ನೋಡುತ್ತಾ ನಿಂತುಬಿಟ್ಟೆ. ಮುಖ ಅಷ್ಟು ಇಳಿದುಹೋಗಿತ್ತು. ಕುತ್ತಿಗೆಯ ಕೆಳಗೆ ಮಾತ್ರ ಹಳೆಯ ಎಮೆಟ್‌ನೇ, ಎರಡು ಅಂಗಿ, ಮೇಲೆ ಆ ಕೋಟು. "ಏನೋ ಹಾಗೆ ನೋಡ್ತೀಯ, ಸಾಲ ಕೊಟ್ಟೋನ ಥರ" ಅಂದ. ನಾನು ನಕ್ಕೆ. ಈಚೆ ದಡದಲ್ಲಿ ಕುರ್ಚಿ ಹಾಕಿದೆ, ಕಾಲು ನೋವು ಅಂತ ಕುಂಟಿ ತೋರಿಸಿದೆ, ಇಲ್ಲೇ ಗಾಳ ಹಾಕೋಣ ಅಂದೆ. ಅವನು ಎದೆಮಟ್ಟದ ರಬ್ಬರ್ ಪ್ಯಾಂಟು ಏರಿಸಿಕೊಂಡು ಸೀದಾ ನೀರಿಗಿಳಿದು, ಮಂಡಿಯುದ್ದ ನೀರಿನಲ್ಲಿ ನಿಂತು, ತಿರುಗಿಯೂ ನೋಡದೆ ತೋಳು ಚಾಚಿದ.

ನಡೀನ್, ನೀವು ಆ ಹೊಳೆ ದಾಟಿದವರಲ್ಲ, ಆದ್ದರಿಂದ ಹೇಳುತ್ತಿದ್ದೇನೆ. ಭಾರದವನು ಮೇಲ್ಮಗ್ಗುಲಿಗೆ ನಿಲ್ಲಬೇಕು. ಇಬ್ಬರಲ್ಲಿ ಈಗ ಭಾರದವನು ನಾನು ಅಂತ ಆ ಮುಖ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ನಾನು ಅವನನ್ನು ಸುತ್ತುಹಾಕಿ ನೀರು ಬರುವ ಕಡೆ ಹೋಗಿ ನಿಲ್ಲಬೇಕಾಗಿತ್ತು. ಮೂರು ಹೆಜ್ಜೆ ಅಷ್ಟೇ. ಹಾಗೆ ನಿಂತರೆ, ನಿಮ್ಮ ಮಾರ್ಚ್ ತಿಂಗಳ ಪತ್ರವನ್ನು ಅವನ ಕೈಗೆ ಕೊಟ್ಟ ಹಾಗೆಯೇ. ಆ ಮೂರು ಹೆಜ್ಜೆ ನನ್ನಿಂದ ಇಡಲಾಗಲಿಲ್ಲ. ಎಂದಿನಂತೆ ಕೆಳಮಗ್ಗುಲಿಗೆ ಹೋಗಿ ಅವನ ತೋಳು ಹಿಡಿದುಕೊಂಡೆ.

ಆಮೇಲಿನದನ್ನು ಹೇಳಿದರೆ ನನ್ನನ್ನು ಮೂರ್ಖ ಅನ್ನುತ್ತೀರಿ. ಅವನು ಅಲುಗಲಿಲ್ಲ. ನಡುಹೊಳೆಯಲ್ಲಿ ನೀರು ಸೊಂಟ ಮುಟ್ಟುತ್ತಿತ್ತು, ಅವನು ಗೂಟ ಹೊಡೆದ ಹಾಗೆ ನಿಂತು ನಿಂತು ಹೆಜ್ಜೆ ಇಟ್ಟ. ಅವನ ಮರೆಯಲ್ಲಿ ನನಗೆ ಪ್ರತಿ ವರ್ಷದಂತೆ ಸೆಳೆತವೇ ಇಲ್ಲ. ನಡೀನ್ ಸುಮ್ಮನೆ ಹೆದರಿದ್ದಾಳೆ, ಡಾಕ್ಟರರು ತಪ್ಪು ಹೇಳಿದ್ದಾರೆ, ಇವನು ಗಟ್ಟಿಯಾಗಿದ್ದಾನೆ ಅಂದುಕೊಂಡೆ. ಆಚೆ ದಡ ಮುಟ್ಟುವ ಹೊತ್ತಿಗೆ ನನಗೆ ಸಂತೋಷದಿಂದ ಕಣ್ಣು ತುಂಬಿತ್ತು. "ನೀರು ಚಳಿ ಅಲ್ವೇನೋ" ಅಂತ ಅವನೇ ನನಗೆ ನೆಪ ಕೊಟ್ಟ.

ಅಲ್ಲಿ ಬಿದ್ದ ಮರದ ಮೇಲೆ ಕೂತೇ ಗಾಳ ಹಾಕಿದ. ಒಂದು ಕಂದು ಟ್ರೌಟ್ ಹಿಡಿದ, ಒಳ್ಳೆಯ ಮೀನು, ಸುಳ್ಳಲ್ಲ. ಅದನ್ನು ನೀರಿನೊಳಗೆ ಎರಡು ಕೈಯಲ್ಲಿ ಹಿಡಿದುಕೊಂಡು, ಅದು ತಾನಾಗಿ ಹೋಗುವವರೆಗೂ ಬಿಡದೆ ಕಾದ. ಬಹಳ ಹೊತ್ತು ಕಾದ ಹಾಗೆ ನನಗನ್ನಿಸಿತು.

ವಾಪಸು ಬರುವಾಗ ನಡುವೆ ನಿಂತ. "ಸ್ವಲ್ಪ ತಡಿಯೋ" ಅಂದ. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಆಮೇಲೆ ಅವನ ಕಾಲು ಕುಸಿಯಿತು. ತೋಳು ನನ್ನ ಕೈಯಲ್ಲೇ ಇತ್ತು, ಮೇಲೆತ್ತಲು ನೋಡಿದೆ, ಆಗಲಿಲ್ಲ. ಮುಖ ಇಷ್ಟು ಸೊರಗಿದವನು ಇಷ್ಟು ಭಾರ ಹೇಗೆ ಅಂತ ನನಗೆ ಅರ್ಥವೇ ಆಗಲಿಲ್ಲ. ಅವನು ಮುಳುಗುತ್ತಿದ್ದ, ನಾನು ಎಳೆಯುತ್ತಿದ್ದೆ. "ಬಿಡೋ, ಬಿಟ್ಬಿಡೋ" ಅಂತ ಅವನು ಅಂದ. ಇದನ್ನು ಬರೆಯಬಾರದು ಅಂತಿದ್ದೆ, ಏನನ್ನೂ ಬಿಡಬೇಡಿ ಅಂದಿರಿ. ನೀರೇ ಇಬ್ಬರನ್ನೂ ಕೆಳಗಿನ ಜಲ್ಲಿಯ ದಿಬ್ಬಕ್ಕೆ ತಂದುಹಾಕಿತು. ನಾನು ಉಳಿಸಿದೆ ಅಂತ ಹೇಳಿಕೊಳ್ಳಲು ಏನೂ ಇಲ್ಲ. ಅವನ ಹಣೆ ಕಲ್ಲಿಗೆ ಬಡಿದಿತ್ತು. ಒದ್ದೆ ಕೋಟು ಬಿಚ್ಚಲು ಹೋದರೆ ನನ್ನ ಕೈ ತಳ್ಳಿದ. "ಕೋಟು ಮುಟ್ಬೇಡ" ಅಂದ. ಚಳಿಗೆ ಹಾಗೆ ಆಡುತ್ತಿದ್ದಾನೆ ಅಂದುಕೊಂಡೆ. ಟ್ರಕ್ಕಿನ ಹತ್ತಿರ ಬಂದ ಮೇಲೆ ಅವನೇ ಅದನ್ನು ಹಿಂದುಗಡೆ ಕಳಚಿಹಾಕಿದ.

ಈಗ ನಿಮ್ಮ ಪ್ರಶ್ನೆ. ಅವನ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ನಿಮ್ಮ ಪತ್ರದ ಕಾಲುಚೀಲಗಳು ನನ್ನನ್ನು ಬಿಡುತ್ತಿಲ್ಲ. ಅಷ್ಟು ಜೋಪಾನವಾಗಿ ಯಾಕೆ ಸುತ್ತಿದ? ಕಬ್ಬಿಣಕ್ಕೆ ಕಬ್ಬಿಣ ತಾಗಿ ಸದ್ದಾಗಬಾರದು ಅಂತ. ಸಾಯಲು ಹೋಗುವವನಿಗೆ ಸದ್ದಾದರೇನು ನಡೀನ್? ಆ ಹೊಳೆಯಲ್ಲಿ ಸದ್ದು ಕೇಳಿಸಬಾರದವನು ನಾನೊಬ್ಬನೇ ಇದ್ದೆ. ಸಾಯಬೇಕು ಅಂತಿದ್ದರೆ ಒಬ್ಬನೇ ಹೋಗುತ್ತಿದ್ದ, ನನಗೆ ತೋಳು ಚಾಚುತ್ತಿರಲಿಲ್ಲ. ಮುಳುಗುವಾಗಲೂ ಬಿಡು ಅಂದದ್ದು ನನ್ನನ್ನು ಉಳಿಸಲು.

ಕಳೆದ ವರ್ಷದ ಎಮೆಟ್ ಎಷ್ಟು ತೂಗುತ್ತಿದ್ದನೋ ಅಷ್ಟು ತೂಗಬೇಕು ಅಂತ ಅವನು ಆ ಕಬ್ಬಿಣ ಹೊತ್ತ ಅಂತ ನನಗನ್ನಿಸುತ್ತದೆ. ನಾನು ಆ ಮೂರು ಹೆಜ್ಜೆ ಇಡದಿರಲಿ ಅಂತ. ನಾನು ನಂಬಿದೆನಲ್ಲ, ಅವನಿಗೆ ಬೇಕಾಗಿದ್ದೂ ಅದೇ.

ನೀವು ಅವನನ್ನು ಕೇಳಿ. ನನಗೆ ಕೇಳುವ ಧೈರ್ಯವಿಲ್ಲ, ಇದ್ದಿದ್ದರೆ ನೀರಿನಲ್ಲೇ ಕೇಳುತ್ತಿದ್ದೆ.

ಲೋವೆಲ್


ಡಿಲನ್
ಆಗಸ್ಟ್ 18

ಲೋವೆಲ್,

ಅಕ್ಷರ ನಡೀನ್‌ದು, ಮಾತು ನನ್ನದು. ನನ್ನ ಕೈಯಲ್ಲಿ ಈಗ ಪೆನ್ನು ನಿಲ್ಲುವುದಿಲ್ಲ. ನಡುನಡುವೆ ಅವಳು ಮೂಗು ಒರೆಸಿಕೊಳ್ಳುತ್ತಾಳೆ, ಕಾಗದದ ಮೇಲೆ ಕಲೆ ಇದ್ದರೆ ಅದು ನನ್ನದಲ್ಲ.

ಒಂದು ದಿನ ಎದ್ದು ನೋಡಿದರೆ ತೂಕದ ಬಟ್ಟುಗಳು ನನ್ನ ಮಂಚದ ಪಕ್ಕದ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಅವಳು ಕುರ್ಚಿಯಲ್ಲಿ ಕೂತಿದ್ದಳು. ಕೇಳಿದಳು, ಹೇಳಿದೆ. ಮದುವೆಯಾದ ಮೇಲೆ ನಾವು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು ಅಂತ ಕಾಣುತ್ತದೆ. ನೀನು ಅವಳಿಗೆ ಬರೆದದ್ದು ಸರಿ. ಭೂಗೋಳದವನಿಗೂ ಒಮ್ಮೊಮ್ಮೆ ತಲೆ ಓಡುತ್ತದೆ.

ನಿನಗೆ ವಿಷಯ ಗೊತ್ತಿದೆ ಅಂತ ನನಗೆ ಹೊಳೆದಂಡೆಯಲ್ಲೇ ಗೊತ್ತಾಯಿತು. ಕಾಗದದಲ್ಲಿ ಎಡ ಮೊಣಕಾಲು ಅಂತ ಬರೆದು ಅಲ್ಲಿ ಬಲಗಾಲು ಕುಂಟಿದೆಯಲ್ಲೋ ದಡ್ಡ. ನಗು ತಡೆದುಕೊಂಡು ನೀರಿಗಿಳಿದೆ. ನಿನಗೆ ಗೊತ್ತು ಅಂತ ನನಗೆ ಗೊತ್ತು, ಆದರೂ ನೀನು ಬಂದು ಕೆಳಮಗ್ಗುಲಿಗೆ ನಿಂತೆ. ಅದಕ್ಕೆ ಏನು ಹೇಳಬೇಕು ಅಂತ ನನಗೆ ತಿಳಿಯುತ್ತಿಲ್ಲ. ಇಬ್ಬರೂ ಕತ್ತೆಗಳು.

ನನಗೆ ಸಾಯುವ ಭಯ ಇಲ್ಲ ಅಂತ ದೊಡ್ಡ ಮಾತು ಆಡಲಾರೆ. ಇದೆ. ಆದರೆ ನೀನು ನನ್ನನ್ನು ಸುತ್ತುಹಾಕಿ ಬಂದು ಮೇಲ್ಮಗ್ಗುಲಿಗೆ ನಿಲ್ಲುವುದನ್ನು ನೋಡುವುದು ಅದಕ್ಕಿಂತ ಕಷ್ಟ ಅನ್ನಿಸಿತ್ತು. ಹೋಗುವಾಗ ಸರಿಹೋಯಿತು. ವಾಪಸು ಬರುವುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಿನ್ನನ್ನೂ ಎಳೆದುಕೊಂಡು ಹೋಗುತ್ತಿದ್ದೆ, ಅದು ಈಗ ಕಣ್ಣು ಮುಚ್ಚಿದರೆ ಬರುತ್ತದೆ. ನೀನು ಯಾಕೆ ಕೈ ಬಿಡಲಿಲ್ಲವೋ.

ಬಟ್ಟುಗಳನ್ನು ಪಾರ್ಸೆಲ್ ಮಾಡಿಸಿದ್ದೇನೆ. ನಿಮ್ಮ ಅಂಚೆಯವನು ನಿನ್ನ ಮುಖಕ್ಕೇ ಬೈಯುತ್ತಾನೆ, ಕೇಳಿಸಿಕೋ. ಕಾಲುಚೀಲಗಳನ್ನೂ ಒಗೆದು ಜೊತೆಗೆ ಇಟ್ಟಿದ್ದಾಳೆ. ನಿನ್ನ ಕೋಟಿನ ಜೇಬುಗಳು ಸಣ್ಣವು, ದೊಡ್ಡ ಬಟ್ಟು ಹಿಡಿಸುವುದಿಲ್ಲ. ಬೇಕನ್ ತಿಂದು ಮೈಗೂ ಒಂದಿಷ್ಟು ಸೇರಿಸಿಕೋ. ಆ ನೀರಿಗೆ ನಿನ್ನ ತೂಕ ಯಾವತ್ತೂ ಸಾಲದು.

ಮುಂದಿನ ಜೂನ್‌ಗೆ ಟೋಲೆಫ್ಸನ್ ಮುದುಕಿಗೆ ಹೇಳಿದ್ದೇನೆ. ಈ ಸಾಲು ಬರೆಯಲು ನಡೀನ್ ಒಪ್ಪಲಿಲ್ಲ, ಬೈದ ಮೇಲೆ ಬರೆಯುತ್ತಿದ್ದಾಳೆ. ಆ ವಾರ ಹೋಗು. ಕುಂಟಬೇಡ. ನೀರಿಗಿಳಿದು ನೀರು ಬರುವ ಕಡೆಗೆ ನಿಂತು, ನಾನು ಮಾಡುತ್ತಿದ್ದ ಹಾಗೆ, ತಿರುಗಿ ನೋಡದೆ ತೋಳು ಚಾಚು.

ಸಹಿ ಮಾತ್ರ ನಾನೇ ಹಾಕುತ್ತೇನೆ, ಸೊಟ್ಟಗಿದ್ದರೂ ಓದಿಕೋ.

ನಿನ್ನ ಕೆಳಮಗ್ಗುಲಿನ
ಎಮೆಟ್